ಲೇಸರ್ ಗನ್ ಇರುವ ಕಾಲದಲ್ಲಿ ಬೆಳಕಿನ ಕತ್ತಿ ಯಾಕೆ?

ಹಳೇಕಾಮಿಕ್ಸ್

ಬಹಳ ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ ಇದು. ಗ್ರಹದಿಂದ ಗ್ರಹಕ್ಕೆ ಹಾರುವ ಹಡಗು ಇದೆ. ಇಡೀ ಊರು ಸುಡುವ ಫಿರಂಗಿ ಇದೆ. ಆದರೆ ಕಥೆಯ ದೊಡ್ಡ ಜಗಳ ಬಂತು ಅಂದರೆ ಇಬ್ಬರು ಮೂರಡಿ ಅಂತರದಲ್ಲಿ ನಿಂತು ಕತ್ತಿ ಬೀಸುತ್ತಾರೆ. ಸ್ಟಾರ್ ವಾರ್ಸ್ ಸಿನಿಮಾದ ಲೈಟ್‌ಸೇಬರ್ ಅನ್ನೋ ಬೆಳಕಿನ ಕತ್ತಿಯಷ್ಟೇ ಹೀಗೆ ಅಂದುಕೊಳ್ಳಬೇಡಿ. ಜಪಾನಿನ ಅನಿಮೇಶನ್ ಸರಣಿ ಗುಂಡಮ್‌ನಲ್ಲಿ ಬೀಮ್ ಸೇಬರ್ ಅನ್ನೋ ಕತ್ತಿ ಇದೆ. ಹೇಲೋ ಗೇಮ್‌ನಲ್ಲಿ ಎರಡು ಮೊನೆಯ ಪ್ಲಾಸ್ಮಾ ಕತ್ತಿ. ಎಕ್ಸ್-ಮೆನ್ ಕಾಮಿಕ್ಸ್‌ನಲ್ಲಿ ಇಲಿಯಾನಾಳ ಸೋಲ್‌ಸೋರ್ಡ್, ಅಂದರೆ ಆತ್ಮದ ಕತ್ತಿ.

ನೋಡೋಕೆ ಚೆನ್ನಾಗಿರುತ್ತೆ ಅನ್ನೋ ಉತ್ತರ ಬೇಡ, ಅದು ಎಲ್ಲರಿಗೂ ಗೊತ್ತು. ಕಥೆಯೊಳಗೇ ಒಪ್ಪುವಂಥ ಕಾರಣ ಕೊಟ್ಟವರು ಯಾರು, ಸುಮ್ನೆ ತೇಲಿಸಿಬಿಟ್ಟವರು ಯಾರು?

ನನ್ನ ವಾದ ಮೊದಲೇ ಇಟ್ಟುಬಿಡುತ್ತೇನೆ. ಎಲ್ಲವನ್ನೂ ಕತ್ತರಿಸುವ ಕತ್ತಿ ಬೋರು. ಯಾವುದನ್ನು ಕತ್ತರಿಸಲಾಗದು, ಹಿಡಿದವರಿಗೆ ಏನು ನಷ್ಟ ಅಂತ ಯೋಚಿಸಿ ಬರೆದ ಕತ್ತಿ ಮಾತ್ರ ನೆನಪಲ್ಲಿ ಉಳಿಯುತ್ತದೆ. ಒಪ್ಪದವರು ಬನ್ನಿ.

ಬರೀಓದುಗ

ಕಾರಣ ಕೊಟ್ಟವರಲ್ಲಿ ಮೊದಲ ಬಹುಮಾನ ಡ್ಯೂನ್‌ಗೆ. 1965ರ ಪುಸ್ತಕ. ಅಲ್ಲಿ ಕತ್ತಿ ಮಾಮೂಲಿ ಲೋಹದ್ದೇ, ಆದರೆ ನಿಮ್ಮ ಪ್ರಶ್ನೆಗೆ ಅಷ್ಟು ಗಟ್ಟಿ ಉತ್ತರ ಬೇರೆಲ್ಲೂ ಸಿಗಲ್ಲ. ಮೈ ಸುತ್ತ ಒಂದು ಶಕ್ತಿಕವಚ ಇರುತ್ತದೆ. ವೇಗವಾಗಿ ಬಂದದ್ದನ್ನು ಅದು ತಡೆಯುತ್ತದೆ, ನಿಧಾನವಾಗಿ ಬಂದದ್ದನ್ನು ಒಳಗೆ ಬಿಡುತ್ತದೆ. ಗುಂಡು ದಂಡ, ಚಾಕು ಮಾತ್ರ ಕೆಲಸಕ್ಕೆ ಬರುತ್ತದೆ. ಲೇಸರ್ ಗನ್ನಿನಿಂದ ಹೊಡೆದರೆ? ಕಿರಣ ಕವಚಕ್ಕೆ ತಾಗಿದ ಕೂಡಲೇ ಸ್ಫೋಟ. ಹೊಡೆದವನೂ ಹೋದ, ಹೊಡೆಸಿಕೊಂಡವನೂ ಹೋದ. ಒಂದೇ ಏಟಿಗೆ ಬಂದೂಕು, ಲೇಸರ್ ಎರಡನ್ನೂ ಕಥೆಯಿಂದ ಆಚೆ ಹಾಕಿದರು.

ಎರಡನೆಯದು ಗುಂಡಮ್, 1979. ಅಲ್ಲಿ ಮಿನೋವ್ಸ್ಕಿ ಕಣಗಳು ಅಂತ ಒಂದು ಕಲ್ಪನೆ. ಯುದ್ಧಭೂಮಿಯಲ್ಲಿ ಅವನ್ನು ಹರಡಿದರೆ ರಾಡಾರ್ ಕುರುಡಾಗುತ್ತದೆ, ಗುರಿ ಹುಡುಕಿಕೊಂಡು ಹೋಗುವ ಕ್ಷಿಪಣಿಗೆ ದಾರಿ ತಪ್ಪುತ್ತದೆ. ದೂರದಿಂದ ಹೊಡೆಯೋಕೆ ಆಗಲ್ಲ ಅಂದಮೇಲೆ ಹತ್ತಿರ ಹೋಗಲೇಬೇಕಲ್ಲ. ಹಾಗಾಗಿ ಹದಿನೆಂಟು ಮೀಟರ್ ಎತ್ತರದ ಯಂತ್ರಮಾನವನ ಬೆನ್ನಿಗೆ ಎರಡು ಬೀಮ್ ಸೇಬರ್. ಜಾಣತನ ಏನು ಗೊತ್ತಾ? ಕತ್ತಿಯ ಅಲಗು ಕೂಡ ಅದೇ ಕಣಗಳಿಂದ ಆದದ್ದು. ಸಮಸ್ಯೆಗೂ ಪರಿಹಾರಕ್ಕೂ ಒಂದೇ ಸುಳ್ಳು ಸಾಕಾಯಿತು.

ಸ್ಟಾರ್ ವಾರ್ಸ್ ಇಂಥ ತಲೆನೋವೇ ತೆಗೆದುಕೊಳ್ಳಲಿಲ್ಲ. ಅಲ್ಲಿಯ ಯೋಧರಾದ ಜೆಡೈಗಳಿಗೆ ಗುಂಡು ಬರುವ ಮೊದಲೇ ಗೊತ್ತಾಗುತ್ತದೆ, ಕತ್ತಿಯಿಂದ ತಿರುಗಿಸುತ್ತಾರೆ, ಅಷ್ಟೇ. ಬೇರೆಯವರ ಕೈಗೆ ಕೊಟ್ಟರೆ ಅದು ಸ್ವಂತ ಕಾಲು ಕತ್ತರಿಸಿಕೊಳ್ಳುವ ಸಾಧನ.

ಪೀಣ್ಯದವನು

ನಾನು ಫ್ಯಾಬ್ರಿಕೇಶನ್ ಶಾಪ್‌ನಲ್ಲಿ ಕೆಲಸ ಮಾಡುವವನು. ಪ್ಲಾಸ್ಮಾ ಕತ್ತಿ ನಮ್ಮ ಶೆಡ್ಡಿನಲ್ಲೇ ಇದೆ, ಯಾರೂ ಅದಕ್ಕೆ ಸಿನಿಮಾ ಮಾಡಿಲ್ಲ.

ಪ್ಲಾಸ್ಮಾ ಕಟರ್ ಅಂದರೆ ಇಷ್ಟೇ. ತಾಮ್ರದ ಸಣ್ಣ ನಾಝಲ್. ಒಳಗೆ ಎಲೆಕ್ಟ್ರೋಡ್, ಅದರ ತುದಿಯಲ್ಲಿ ಹ್ಯಾಫ್ನಿಯಂ ಲೋಹದ ಚಿಕ್ಕ ಬೊಟ್ಟು. ಕಂಪ್ರೆಸರ್‌ನಿಂದ ಗಾಳಿ ಬರುತ್ತದೆ, ಕರೆಂಟಿನ ಆರ್ಕ್ ಅದರೊಳಗೆ ಹಾಯುತ್ತದೆ. ಆರ್ಕ್‌ನ ಬಿಸಿ 20,000 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಹನ್ನೆರಡು ಎಂಎಂ ಪ್ಲೇಟು ಬೆಣ್ಣೆಯಂತೆ ಸೀಳುತ್ತದೆ. ಕೆಳಗಡೆ ಕಿಡಿಯ ಜಲಪಾತ, ಅಂಚಿನಲ್ಲಿ ಕಿಟ್ಟ, ಕಿವಿ ಗಡಚಿಕ್ಕುವ ಶಬ್ದ. ಕಪ್ಪು ಗಾಜು ಇಲ್ಲದೆ ನೋಡಿದರೆ ಆ ರಾತ್ರಿ ಕಣ್ಣಿಗೆ ಮರಳು ಹಾಕಿದ ಹಾಗೆ ಉರಿ.

ಈಗ ಅಸಲಿ ವಿಷಯ. ಆ ಅಲಗಿನ ಉದ್ದ ಎಷ್ಟು? ಬೆರಳಿನಷ್ಟೂ ಇಲ್ಲ. ನಾಝಲ್‌ನಿಂದ ಪ್ಲೇಟಿಗೆ ಎರಡು ಮೂರು ಎಂಎಂ ಅಂತರ ಇಟ್ಟು ಹಿಡಿಯಬೇಕು. ಪ್ಲೇಟಿಗೆ ಅರ್ಥ್ ಕ್ಲ್ಯಾಂಪ್ ಕಚ್ಚಿಸಿರಬೇಕು, ಯಾಕೆಂದರೆ ಆರ್ಕ್ ಲೋಹದೊಳಗೆ ಹಾದು ಸುತ್ತು ಮುಗಿಸಬೇಕು. ಕರೆಂಟು ಹರಿಯದ ವಸ್ತು ಇಟ್ಟರೆ ಈ ಮಷೀನು ಕೆಲಸ ಮಾಡಲ್ಲ. ಸ್ಟೀಲು ಸೀಳುತ್ತದೆ, ಮರದ ಹಲಗೆ ಮುಂದೆ ಸೋಲುತ್ತದೆ.

ಸ್ಟಾರ್ ವಾರ್ಸ್‌ನ ಖಳನಾಯಕ ಡಾರ್ತ್ ವೇಡರ್ ಎದುರಿಗೆ ಬಂದರೆ ನಾನು ಹಲಸಿನ ಮರದ ಬಾಗಿಲು ಹಿಡಿದುಕೊಳ್ಳುತ್ತೇನೆ.

ಹಳೇಕಾಮಿಕ್ಸ್

ಪೀಣ್ಯದವನು, ನೀವು ಗೊತ್ತಿಲ್ಲದೇ ಕಾಮಿಕ್ಸ್ ವೀರ ಗ್ರೀನ್ ಲ್ಯಾಂಟರ್ನ್‌ನ ಇತಿಹಾಸ ಹೇಳಿದಿರಿ! 1940ರ ಮೊದಲ ಗ್ರೀನ್ ಲ್ಯಾಂಟರ್ನ್ ಅಲನ್ ಸ್ಕಾಟ್. ಅವನ ಉಂಗುರದ ಶಕ್ತಿ ಮರದ ಮುಂದೆ ನಡೆಯುತ್ತಿರಲಿಲ್ಲ. ಲೋಹ ತಡೆದೀತು, ಗುಂಡು ತಡೆದೀತು, ಯಾರಾದರೂ ದೊಣ್ಣೆ ತಗೊಂಡು ತಲೆಗೆ ಕೊಟ್ಟರೆ ಮುಗೀತು. 1959ರಲ್ಲಿ ಬಂದ ಮುಂದಿನ ಗ್ರೀನ್ ಲ್ಯಾಂಟರ್ನ್ ಹ್ಯಾಲ್ ಜೋರ್ಡನ್‌ಗೆ ಹಳದಿ ಬಣ್ಣ ಆಗುತ್ತಿರಲಿಲ್ಲ. ಓದುಗರು ನಗುತ್ತಿದ್ದರು, ಆದರೆ ಆ ಕೊರತೆ ಇದ್ದಿದ್ದರಿಂದಲೇ ಪ್ರತಿ ಸಂಚಿಕೆಗೂ ಒಂದು ತೊಡಕು ಸಿಗುತ್ತಿತ್ತು.

ಮಂಡ್ಯಟ್ರೂಪರ್

ಅಲನ್ ಸ್ಕಾಟ್‌ಗೂ ಪೀಣ್ಯದ ಮಷೀನ್‌ಗೂ ಒಂದೇ ಕಾಯಿಲೆ. ಇದನ್ನು ಯಾರಾದರೂ ಗೋಡೆ ಮೇಲೆ ಬರೆಸಿ ಹಾಕಿ.

ಲೆಕ್ಕದಮೇಷ್ಟ್ರು

ಒಂದು ಲೆಕ್ಕ ಹಾಕೋಣ. 1999ರ ಸ್ಟಾರ್ ವಾರ್ಸ್ ಚಿತ್ರ ಫ್ಯಾಂಟಮ್ ಮೆನಸ್ ಶುರುವಿನಲ್ಲಿ ಜೆಡೈ ಕ್ವೈ-ಗಾನ್ ಕಬ್ಬಿಣದ ಬಾಗಿಲಿಗೆ ಕತ್ತಿ ಚುಚ್ಚಿ ಕರಗಿಸುತ್ತಾನಲ್ಲ, ಅದು. ಬಾಗಿಲು 30 ಸೆಂ.ಮೀ. ದಪ್ಪ ಅಂತ ಇಟ್ಟುಕೊಳ್ಳಿ. ಒಂದು ಮೀಟರ್ ಅಗಲದ ದುಂಡು ತೂತು. ಕತ್ತಿಯ ದಪ್ಪ 4 ಸೆಂ.ಮೀ. ಕರಗಬೇಕಾದ ಸ್ಟೀಲು ಸುಮಾರು 300 ಕೆ.ಜಿ. ಒಂದು ಕೆ.ಜಿ. ಸ್ಟೀಲು ಕರಗಿಸಲು ಸುಮಾರು 1.25 ಮೆಗಾಜೌಲ್ ಬೇಕು. ಒಟ್ಟು ಸುಮಾರು 370 ಮೆಗಾಜೌಲ್, ಅಂದರೆ ಹೆಚ್ಚುಕಮ್ಮಿ 100 ಯೂನಿಟ್ ಕರೆಂಟು. ಗೃಹಜ್ಯೋತಿಯ ತಿಂಗಳ 200 ಯೂನಿಟ್‌ನಲ್ಲಿ ಅರ್ಧ ಒಂದು ಬಾಗಿಲಿಗೇ ಹೋಯಿತು!

ಅದನ್ನು ಒಂದು ನಿಮಿಷದಲ್ಲಿ ಮುಗಿಸಬೇಕು ಅಂದರೆ 6 ಮೆಗಾವ್ಯಾಟ್ ಬೇಕು. ಅಷ್ಟು ಶಕ್ತಿ ಕೈಯಲ್ಲಿರುವ ಹಿಡಿಯಿಂದ ಹೊರಡುತ್ತಿದ್ದರೆ ಬಾಗಿಲಿಗಿಂತ ಮೊದಲು ಕ್ವೈ-ಗಾನ್‌ನ ಗಡ್ಡ ಹೊತ್ತಿಕೊಳ್ಳಬೇಕು.

ಇನ್ನು ಬೆಳಕಿನ ಕತ್ತಿ ಅಂತ ಹಟ ಮಾಡುವವರಿಗೆ: ಬೆಳಕು ಒಂದು ಮೀಟರ್ ಹೋಗಿ ನಿಲ್ಲುವುದಿಲ್ಲ. ಎರಡು ಟಾರ್ಚಿನ ಕಿರಣ ಅಡ್ಡ ಹಿಡಿದರೆ ಟಣ್ ಅನ್ನುವುದೂ ಇಲ್ಲ, ಒಂದರೊಳಗೊಂದು ಹಾದುಹೋಗುತ್ತವೆ. 2013ರಲ್ಲಿ ಹಾರ್ವರ್ಡ್, ಎಂಐಟಿಯ ಮಿಖಾಯಿಲ್ ಲುಕಿನ್ ಮತ್ತು ವ್ಲಾದಾನ್ ವುಲೆಟಿಚ್ ತಂಡ ತುಂಬಾ ತಂಪು ಮಾಡಿದ ರುಬಿಡಿಯಂ ಪರಮಾಣುಗಳ ಮೋಡದೊಳಗೆ ಎರಡು ಫೋಟಾನ್‌ಗಳು, ಅಂದರೆ ಬೆಳಕಿನ ಕಣಗಳು, ಜೋಡಿಯಾಗಿ ಚಲಿಸುವಂತೆ ಮಾಡಿತು. ಪತ್ರಿಕೆಗಳೆಲ್ಲ ಲೈಟ್‌ಸೇಬರ್ ಬಂತು ಅಂತ ಬರೆದವು. ಎರಡು ಫೋಟಾನ್‌ಗಳಿಂದ ಸೊಳ್ಳೆಯನ್ನೂ ಹೊಡೆಯೋಕಾಗಲ್ಲ.

ಶಿವಮೊಗ್ಗಸಿತ್

ಕೆನಡಾದ ಹ್ಯಾಕ್‌ಸ್ಮಿತ್ ಅನ್ನೋ ಯೂಟ್ಯೂಬ್ ತಂಡ 2020ರಲ್ಲಿ ನಿಜವಾದದ್ದು ಮಾಡಿತಲ್ಲ? ಹಿಡಿಯಿಂದ ಉದ್ದಕ್ಕೆ ಉರಿ ಬರುತ್ತೆ, ಸ್ಟೀಲು ಕೊರೆಯುತ್ತೆ.

ಪೀಣ್ಯದವನು

ನೋಡಿದ್ದೇನೆ. ಗ್ಯಾಸು ಮತ್ತು ಆಕ್ಸಿಜನ್ ಸೇರಿಸಿ ತೆಳ್ಳಗೆ, ಉದ್ದಕ್ಕೆ ಉರಿಸಿದ್ದಾರೆ. ಒಳ್ಳೆ ನಾಝಲ್ ಕೆಲಸ, ಮೆಚ್ಚಬೇಕು. ಆದರೆ ಬೆನ್ನಿಗೆ ಸಿಲಿಂಡರಿನ ಚೀಲ, ಅಲ್ಲಿಂದ ಕೈಗೆ ಪೈಪು. ಅಂಥ ಎರಡು ಕತ್ತಿ ಅಡ್ಡ ಬಂದರೆ ಉರಿಯೊಳಗೆ ಉರಿ ಹಾದು ಎದುರಿನವನ ಕೈ ಸುಡುತ್ತದೆ. ತಡೆಯೋಕೆ ಆಗದ ಕತ್ತಿಯಲ್ಲಿ ವರಸೆ ಎಲ್ಲಿಂದ ಬರಬೇಕು?

ಸದ್ದುಗಾರ

ನೀವೆಲ್ಲ ಅಲಗಿನ ಹಿಂದೆ ಬಿದ್ದಿದ್ದೀರಿ. ನನ್ನ ಪ್ರಕಾರ ಆ ಕತ್ತಿಯನ್ನು ನಂಬಿಸಿದ್ದು ಕಿವಿ.

1977ರ ಮೊದಲ ಸ್ಟಾರ್ ವಾರ್ಸ್ ಚಿತ್ರಕ್ಕೆ ಶಬ್ದ ಮಾಡಿದವರು ಬೆನ್ ಬರ್ಟ್. ಓದುವಾಗ ಕಾಲೇಜಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದರು. ಆ ಹಳೇ ಪ್ರೊಜೆಕ್ಟರಿನ ಮೋಟಾರು ಸುಮ್ಮನೆ ನಿಂತಾಗಲೂ ಒಂದು ಗುಂಯ್ ಅನ್ನುವ ನಾದ ಬರುತ್ತಿತ್ತು. ಅದು ಒಂದು ಭಾಗ. ಇನ್ನೊಂದು ಅಕಸ್ಮಾತ್ ಸಿಕ್ಕಿದ್ದು. ಮೈಕಿನ ವೈರು ಕೆಟ್ಟಿತ್ತು, ಅದನ್ನು ಹಿಡಿದು ಟಿವಿ ಹತ್ತಿರ ಹೋದಾಗ ಪಿಕ್ಚರ್ ಟ್ಯೂಬಿನ ಝುಂಕಾರವನ್ನು ಅದು ಎಳೆದುಕೊಂಡಿತು. ಎರಡನ್ನೂ ಸೇರಿಸಿದರು. ನಿಂತ ಕತ್ತಿಯ ಸದ್ದು ಸಿಕ್ಕಿತು.

ಬೀಸುವ ಸದ್ದು? ಇದು ನನಗೆ ಅತಿ ಇಷ್ಟದ ಭಾಗ. ಆ ಗುಂಯ್ ಸದ್ದನ್ನು ಸ್ಪೀಕರಿನಲ್ಲಿ ಹಾಕಿ, ಅದರ ಮುಂದೆ ಇನ್ನೊಂದು ಮೈಕನ್ನು ಕತ್ತಿಯ ಹಾಗೆ ಬೀಸಿದರು. ಮೈಕು ಹತ್ತಿರ ಬಂದಾಗ ಸ್ವರ ಏರುತ್ತದೆ, ದೂರ ಹೋದಾಗ ಇಳಿಯುತ್ತದೆ. ರೈಲು ಹಾದುಹೋಗುವಾಗ ಹಾರ್ನು ಬದಲಾಗುವುದಕ್ಕೂ ಇದೇ ಕಾರಣ. ಅಂದರೆ ನಾವು ಕೇಳುವುದು ನಿಜವಾಗಲೂ ಒಬ್ಬ ಮನುಷ್ಯ ಕೈ ಬೀಸಿದ ಸದ್ದು. ಕಂಪ್ಯೂಟರಿನಲ್ಲಿ ಗುಂಡಿ ತಿರುಗಿಸಿ ಮಾಡಿದ್ದರೆ ಆ ತೂಕ ಬರುತ್ತಿರಲಿಲ್ಲ.

ಇವತ್ತು ಮಾರುವ ಆಟದ ಕತ್ತಿಗಳಲ್ಲಿ ಹಿಡಿಯೊಳಗೆ ಜೈರೋ ಸೆನ್ಸರ್ ಇಟ್ಟು, ಬೀಸಿದ ವೇಗಕ್ಕೆ ತಕ್ಕಂತೆ ಎರಡು ಸದ್ದುಗಳನ್ನು ಬೆರೆಸುತ್ತಾರೆ. ಅಗ್ಗದ್ದರಲ್ಲಿ ಒಂದೇ ವೂಶ್ ಅನ್ನೋ ಸದ್ದು, ಯಾವಾಗ ಬೀಸಿದರೂ ಅದೇ. ಕೈ ನಿಂತಮೇಲೂ ಕೂಗುತ್ತಿರುತ್ತದೆ. ನಾನೊಂದು ಆನ್‌ಲೈನ್‌ನಲ್ಲಿ ತರಿಸಿದ್ದೆ. ಪಾಲಿಕಾರ್ಬೊನೇಟ್ ಅಂತ ಬರೆದಿದ್ದರು, ಬಂದದ್ದು ಅಕ್ರಿಲಿಕ್ ಕೊಳವೆ. ತಂಗಿ ಮಗ ಮಂಚದ ಕಾಲಿಗೆ ಒಂದು ಕೊಟ್ಟ, ಬುಡದಲ್ಲೇ ಮುರಿಯಿತು. ಮಾರಿದವರು ವಾಪಸು ತಗೊಳ್ಳಲಿಲ್ಲ.

ಶಿವಮೊಗ್ಗಸಿತ್

ಹಿಡಿಯ ಕಥೆಯೂ ಹೇಳಿಬಿಡಿ.

ಸದ್ದುಗಾರ

ಸೆಟ್ ಡೆಕೊರೇಟರ್ ರಾಜರ್ ಕ್ರಿಶ್ಚಿಯನ್ ಲಂಡನ್ನಿನ ಒಂದು ಫೋಟೋ ಅಂಗಡಿಯಲ್ಲಿ ಹಳೇ ಪೆಟ್ಟಿಗೆ ತೆಗೆದು ನೋಡಿದರು. ಒಳಗೆ ಗ್ರಾಫ್ಲೆಕ್ಸ್ ಕಂಪನಿಯ ಫ್ಲಾಶ್ ಹಿಡಿಗಳಿದ್ದವು. ಪತ್ರಿಕೆಯ ಫೋಟೋಗ್ರಾಫರುಗಳು ಕ್ಯಾಮೆರಾ ಪಕ್ಕ ಹಾಕಿಕೊಳ್ಳುತ್ತಿದ್ದ, ಬ್ಯಾಟರಿ ತುಂಬುವ ಉದ್ದನೆಯ ಲೋಹದ ಕೊಳವೆ, ಕೆಂಪು ಗುಂಡಿ ಸಮೇತ. ಅದಕ್ಕೆ ರಬ್ಬರ್ ಪಟ್ಟಿ ಅಂಟಿಸಿದರು. ಕ್ಯಾಲ್ಕುಲೇಟರಿನ ಅಂಕಿಗಳ ಮೇಲಿರುವ ಗುಳ್ಳೆಗುಳ್ಳೆಯ ಪಟ್ಟಿಯನ್ನೂ ಸಿಕ್ಕಿಸಿದರು. ಮುಗೀತು, ಕಥಾನಾಯಕ ಲೂಕ್ ಸ್ಕೈವಾಕರ್‌ನ ಕತ್ತಿ. ಈಗ ಆ ಫ್ಲಾಶ್ ಹಿಡಿಗಳನ್ನೆಲ್ಲ ಅಭಿಮಾನಿಗಳು ಕೊಂಡುಬಿಟ್ಟಿದ್ದಾರೆ, ಹಳೇ ಕ್ಯಾಮೆರಾ ಕೂಡಿಡುವವರಿಗೆ ಇವರನ್ನು ಕಂಡರೆ ಸಿಟ್ಟು.

ಅಲಗಿಗೆ ಮೊದಲು ಹೊಳೆಯುವ ಲೇಪನದ ಕೋಲನ್ನು ಮೋಟಾರಿನಿಂದ ತಿರುಗಿಸಿ, ಕ್ಯಾಮೆರಾ ಕಡೆಯಿಂದ ಬೆಳಕು ಹಾಕಿದರು. ರಸ್ತೆಯ ಬೋರ್ಡುಗಳು ರಾತ್ರಿ ಹೊಳೆಯುತ್ತವಲ್ಲ, ಆ ಬಗೆಯ ಲೇಪನ. ಸಾಕಾಗಲಿಲ್ಲ, ಮೇಲೆ ಅನಿಮೇಶನ್ ಬಿಡಿಸಬೇಕಾಯಿತು. ಆ ಕೋಲುಗಳು ಗಟ್ಟಿ ಇರಲಿಲ್ಲ, ಜೋರಾಗಿ ತಾಗಿದರೆ ಮುರಿಯುತ್ತಿದ್ದವು. ವಯಸ್ಸಾದ ಜೆಡೈ ಓಬಿ-ವಾನ್, ವೇಡರ್ ಇಬ್ಬರೂ ಅಷ್ಟು ಹುಷಾರಾಗಿ ಕತ್ತಿ ತಾಗಿಸುವುದಕ್ಕೆ ಇದೂ ಒಂದು ಕಾರಣ. 1980ರ ಎರಡನೇ ಚಿತ್ರದ ಹೊತ್ತಿಗೆ ವೇಡರ್ ವೇಷದೊಳಗೆ ಬಾಬ್ ಆಂಡರ್ಸನ್ ಬಂದರು, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಕತ್ತಿ ಹಿಡಿದವರು. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಬರೀಓದುಗ

ಇದೆಲ್ಲ ಸ್ಟಾರ್ ವಾರ್ಸ್ ಮಾಡಿದ ಜಾರ್ಜ್ ಲೂಕಸ್ ತಲೆಯಿಂದಲೇ ಹುಟ್ಟಿತು ಅನ್ನುವವರಿಗೆ ಒಂದು ಮಾತು. ಎಡ್ಮಂಡ್ ಹ್ಯಾಮಿಲ್ಟನ್ 1933ರಲ್ಲೇ ಮ್ಯಾಜಿಕ್ ಕಾರ್ಪೆಟ್ ಪತ್ರಿಕೆಯ ಒಂದು ಕಥೆಯಲ್ಲಿ ಬೆಳಕಿನ ಕತ್ತಿ ಬರೆದಿದ್ದರು. ಅಸಿಮೋವ್‌ನ 1952ರ ಮಕ್ಕಳ ಕಾದಂಬರಿ ಡೇವಿಡ್ ಸ್ಟಾರ್‌ನಲ್ಲಿ ಫೋರ್ಸ್ ಬ್ಲೇಡ್ ಇದೆ. 1971ರಲ್ಲಿ ಎಂ. ಜಾನ್ ಹ್ಯಾರಿಸನ್‌ನ ಪೇಸ್ಟಲ್ ಸಿಟಿಯಲ್ಲಿ ಬಾನ್ ಅನ್ನೋ ಶಕ್ತಿಯ ಅಲಗುಗಳು.

ನನಗೆ ಎಲ್ಲಕ್ಕಿಂತ ಇಷ್ಟ ಲ್ಯಾರಿ ನಿವೆನ್, ರಿಂಗ್‌ವರ್ಲ್ಡ್, 1970. ಅಲ್ಲಿ ಕತ್ತಿ ಅಂದರೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ತಂತಿ. ಹಿಡಿಯಿಂದ ಬೇಕಾದಷ್ಟು ಉದ್ದ ಬಿಡಬಹುದು. ಶಕ್ತಿಕ್ಷೇತ್ರದೊಳಗೆ ಇರುವುದರಿಂದ ಬಾಗಲ್ಲ, ಮುರಿಯಲ್ಲ. ಆದರೆ ಕಾಣದ ಕತ್ತಿ ಹಿಡಿದವನಿಗೂ ಅಪಾಯ ಅಲ್ವಾ? ಹಾಗಾಗಿ ತುದಿ ಎಲ್ಲಿದೆ ಅಂತ ತೋರಿಸಲು ಒಂದು ಪುಟ್ಟ ಕೆಂಪು ಬೆಳಕಿನ ಗುಂಡು. ಬಳಸಿ ನೋಡಿದವನು ಬರೆದ ಹಾಗಿದೆ.

ಹಳೇಕಾಮಿಕ್ಸ್

ಸರಿ, ಕಾಮಿಕ್ಸ್‌ಗೆ ಬರೋಣ. ನನ್ನ ಹೆಸರಿಗಾದರೂ ನ್ಯಾಯ ಬೇಕಲ್ಲ.

ಸಿನಿಮಾ ಕತ್ತಿಗೆ ಸದ್ದು, ಚಲನೆ ಎರಡೂ ಇದೆ. ಕಾಮಿಕ್ಸ್‌ನಲ್ಲಿ ಎರಡೂ ಇಲ್ಲ. ಹಳೇ ಮುದ್ರಣದ ಒರಟು ಕಾಗದದಲ್ಲಿ ಹೊಳಪು ತೋರಿಸೋದು ಇನ್ನೂ ಕಷ್ಟ. ಜ್ಯಾಕ್ ಕರ್ಬಿ 1960ರ ದಶಕದಲ್ಲಿ ಶಕ್ತಿ ತೋರಿಸಲು ಕಪ್ಪು ಗುಂಡುಗಳ ಗೊಂಚಲು ಬಿಡಿಸುತ್ತಿದ್ದರು. ಬೆಳಕನ್ನು ಕಪ್ಪಿನಿಂದ ತೋರಿಸುವುದು ಎಂಥ ಧೈರ್ಯ ನೋಡಿ. ಅಲಗು ಬಿಡಿಸಬೇಕಾದರೆ ನಡುವೆ ಕಾಗದದ ಬಿಳಿ ಬಿಟ್ಟು, ಅಂಚಿಗೆ ಮಾತ್ರ ಬಣ್ಣ ಹಾಕಿದರೆ ಕಣ್ಣು ಅದನ್ನು ಬೆಳಕು ಅಂತ ಓದಿಕೊಳ್ಳುತ್ತದೆ.

ಆದರೆ ಕಾಮಿಕ್ಸ್‌ನವರು ಗೆದ್ದದ್ದು ಬೇರೆ ಕಡೆ. ಅವರ ಕತ್ತಿ ಹಿಡಿದವರ ಮೈಯ ಭಾಗ. ಇಲಿಯಾನಾ ರಾಸ್ಪುಟಿನ್ ತಗೊಳ್ಳಿ, ಎಕ್ಸ್-ಮೆನ್ ವೀರ ಕೊಲೋಸಸ್‌ನ ತಂಗಿ. ಚಿಕ್ಕ ಹುಡುಗಿಯಾಗಿದ್ದಾಗ ಬೆಲಾಸ್ಕೋ ಅನ್ನೋ ಮಾಂತ್ರಿಕ ಲಿಂಬೋ ಲೋಕಕ್ಕೆ ಎಳೆದುಕೊಳ್ಳುತ್ತಾನೆ. ಇಲ್ಲಿ ಕೆಲವೇ ಕ್ಷಣ, ಅಲ್ಲಿ ಏಳು ವರ್ಷ. ವಾಪಸು ಬರುವಾಗ ಹದಿಹರೆಯದ ಹುಡುಗಿ. 1983-84ರ ನಾಲ್ಕು ಸಂಚಿಕೆಗಳ ಮ್ಯಾಜಿಕ್ ಸರಣಿಯಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಆ ಏಳು ವರ್ಷದ ಕಥೆ ಹೇಳಿದರು. ಕೊನೆಗೆ ಆಕೆ ತನ್ನ ಆತ್ಮದಿಂದಲೇ ಕತ್ತಿ ಹೊರಗೆ ಎಳೆಯುತ್ತಾಳೆ. ಅದು ಮಂತ್ರವನ್ನು ಕತ್ತರಿಸುತ್ತದೆ. ಸಾಮಾನ್ಯ ಮನುಷ್ಯನ ಮೈಯೊಳಗೆ ಹಾದುಹೋದರೂ ಗಾಯ ಆಗಲ್ಲ. ಮುಂದೆ ಕತ್ತಿ ಬಳಸಿದ ಹಾಗೆಲ್ಲ ಆಕೆಯ ಮೈಮೇಲೆ ಒಂದೊಂದೇ ತುಂಡು ಕವಚ ಮೂಡುತ್ತಾ ಹೋಗುತ್ತದೆ. ಆಕೆ ಒಳಗಿನಿಂದ ಎಷ್ಟು ಬದಲಾಗುತ್ತಿದ್ದಾಳೆ ಅಂತ ನಮಗೆ ಹೇಳುವುದು ಅದೇ ಕವಚ. ನಾನು ಶುರುವಿನಲ್ಲಿ ಹೇಳಿದ ನಷ್ಟ ಅಂದರೆ ಇದು.

ಎಕ್ಸ್-ಮೆನ್‌ನದೇ ಇನ್ನೊಬ್ಬಳು ಸೈಲಾಕ್‌ದೂ ಹೀಗೇ. 1989ರಿಂದ ಅವಳ ಮುಷ್ಟಿಯಿಂದ ಮನಸ್ಸಿನ ಶಕ್ತಿಯ ಚಾಕು ಹೊರಡುತ್ತದೆ. ರಕ್ತ ಬರಲ್ಲ, ನೇರ ಮಿದುಳಿಗೆ ಪೆಟ್ಟು. ಒಂದೇ ತೊಂದರೆ, ಚಾಕು ತೆಗೆದಾಗಲೆಲ್ಲ ಅದೇನು ಅಂತ ಓದುಗರಿಗೆ ವಿವರಿಸುತ್ತಿದ್ದಳು. ಪ್ರತಿ ಸಲ!

ಮಂಡ್ಯಟ್ರೂಪರ್

ಮಾರ್ವೆಲ್ ಕಾಮಿಕ್ಸ್‌ನ ಫೈಲಾ-ವೆಲ್ ಮರೆತಿರಿ. ಕ್ವೇಸಾರ್ ಅನ್ನೋ ವೀರನ ಪಟ್ಟ ಸಿಕ್ಕಮೇಲೆ ಕ್ವಾಂಟಮ್ ಬ್ಯಾಂಡ್ ಅನ್ನೋ ಕಡಗಗಳ ಶಕ್ತಿಯಿಂದ ಕತ್ತಿ ಮಾಡಿಕೊಳ್ಳುತ್ತಾಳೆ, 2007ರ ಅನಾಯಿಲೇಶನ್ ಕಾಂಕ್ವೆಸ್ಟ್.

ಹಳೇಕಾಮಿಕ್ಸ್

ಮರೆತಿಲ್ಲ, ಬೇಕಂತಲೇ ಬಿಟ್ಟೆ. ಏನು ಬೇಕಾದರೂ ಮಾಡಬಲ್ಲ ಬ್ಯಾಂಡ್ ಕೈಯಲ್ಲಿದ್ದೂ ಬರೀ ಕತ್ತಿ ಮಾಡುವುದು ನನಗೆ ಸೋಮಾರಿತನ ಅನಿಸುತ್ತದೆ. ಜಗಳಕ್ಕೆ ಬರಬೇಡಿ, ನನ್ನ ರುಚಿ.

ಮಂಡ್ಯಟ್ರೂಪರ್

ಜಗಳಕ್ಕೇ ಬರುತ್ತೇನೆ. ಆಕೆ ಕ್ಯಾಪ್ಟನ್ ಮಾರ್ವೆಲ್‌ನ ಮಗಳು, ಹುಟ್ಟಾ ಯೋಧೆ. ಯೋಧೆಯ ಕೈಗೆ ಎಂಥ ಶಕ್ತಿ ಕೊಟ್ಟರೂ ಕತ್ತಿಯೇ ಆಗುತ್ತದೆ. ಕತ್ತಿ ಹಿಡಿದವರ ಸ್ವಭಾವ ಹೇಳಬೇಕು ಅಂದವರು ನೀವೇ ತಾನೇ?

ಹಳೇಕಾಮಿಕ್ಸ್

ಇದಕ್ಕೆ ಉತ್ತರ ಆಮೇಲೆ ಕೊಡುತ್ತೇನೆ.

ಅಗ್ನಿಬಾಣ

ಹತ್ತಿರ ನಿಂತರೇ ಮಾತು, ಮಾತಿದ್ದರೇ ನಾಟಕ ಅಂತ ಕತ್ತಿಯ ಪರ ಇನ್ನೊಂದು ವಾದ ಯಾವಾಗಲೂ ಬರುತ್ತದೆ. ಅದನ್ನು ಈಗಲೇ ಹೊಡೆದುಹಾಕುತ್ತೇನೆ. 1987-88ರ ದೂರದರ್ಶನದ ರಾಮಾಯಣ ನೆನೆಸಿಕೊಳ್ಳಿ. ಇಬ್ಬರೂ ಅಷ್ಟು ದೂರದ ರಥಗಳಲ್ಲಿ. ಬಾಣಗಳು ಆಕಾಶದಲ್ಲಿ ಹೊಳೆಯುತ್ತಾ ಬಂದು ಡಿಕ್ಕಿ ಹೊಡೆಯುತ್ತವೆ. ಆದರೂ ಮಾತಿಗೆ ಏನಾದರೂ ಕಮ್ಮಿ ಆಯಿತಾ? ತಾಳಮದ್ದಳೆಯಲ್ಲಂತೂ ಆಯುಧವೇ ಇಲ್ಲ, ಕೂತಲ್ಲೇ ಕರ್ಣಪರ್ವ.

ಬರೀಓದುಗ

ಒಳ್ಳೇ ಏಟು. ಆದರೆ ಅಲ್ಲಿ ಬಾಣಕ್ಕೆ ಕಟ್ಟುಪಾಡು ಇದೆಯಲ್ಲ. ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರ, ನಾಗಾಸ್ತ್ರಕ್ಕೆ ಗರುಡಾಸ್ತ್ರ. ಒಂದಕ್ಕೆ ಒಂದು ಉತ್ತರ ಇರುವುದರಿಂದ ದೂರದಿಂದಲೂ ಸಂವಾದ ನಡೆಯುತ್ತದೆ. ಲೇಸರ್ ಗನ್ನಿಗೆ ಅಂಥ ಉತ್ತರ ಯಾರೂ ಬರೆಯಲಿಲ್ಲ. ಗುರಿ ಇಟ್ಟ, ಹೊಡೆದ, ಬಿದ್ದ. ಹಳೇಕಾಮಿಕ್ಸ್ ಹೇಳಿದ ಮಿತಿಯ ಮಾತಿಗೇ ಇದು ಸೇರುತ್ತದೆ.

ಶಿವಮೊಗ್ಗಸಿತ್

ಮಿತಿ ಅಂದಾಗ ನೆನಪಾಯಿತು. ಫ್ರಾನ್ಸಿನ ಫೆನ್ಸಿಂಗ್ ಫೆಡರೇಶನ್ 2019ರಲ್ಲಿ ಲೈಟ್‌ಸೇಬರ್ ಕಾಳಗವನ್ನು ಅಧಿಕೃತ ಆಟ ಅಂತ ಒಪ್ಪಿಕೊಂಡಿತು. ತಲೆ, ಮೈಗೆ ತಾಗಿದರೆ 5 ಅಂಕ, ಕೈಕಾಲಿಗೆ 3, ಹಸ್ತಕ್ಕೆ 1. ಒಂದು ಸೊಗಸಾದ ನಿಯಮ ಇದೆ. ಹೊಡೆಯುವ ಮೊದಲು ಕತ್ತಿಯ ತುದಿ ನಿಮ್ಮ ಬೆನ್ನ ಹಿಂದಕ್ಕೆ ಹೋಗಿ ಬರಬೇಕು. ಮಾಮೂಲಿ ಫೆನ್ಸಿಂಗ್‌ನಲ್ಲಿ ಒಂದು ಚುಚ್ಚು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ನೋಡುವವರಿಗೆ ಏನೂ ಕಾಣಲ್ಲ. ಇಲ್ಲಿ ಬೇಕಂತಲೇ ನಿಧಾನ ಮಾಡಿ, ಬೀಸು ದೊಡ್ಡದಾಗುವಂತೆ ಮಾಡಿದ್ದಾರೆ. ಡ್ಯೂನ್‌ನ ಕವಚ ಮಾಡಿದ ಕೆಲಸವನ್ನು ಫ್ರೆಂಚರು ರೂಲ್ ಬುಕ್ಕಿನಲ್ಲಿ ಮಾಡಿದರು.

ಮಂಡ್ಯಟ್ರೂಪರ್

ಹೇಲೋ ಬಗ್ಗೆ ಯಾರೂ ಮಾತಾಡಲಿಲ್ಲ. 2001ರ ಮೊದಲ ಗೇಮ್‌ನಲ್ಲಿ ಎಲೀಟ್ ಅನ್ನೋ ಶತ್ರು ಯೋಧರ ಕೈಯಲ್ಲಿ ಆ ಕತ್ತಿ ನೋಡಿ ಬಾಯಲ್ಲಿ ನೀರು. ಎಲೀಟ್ ಸತ್ತ ಕೂಡಲೇ ಕತ್ತಿ ತಾನೇ ನಾಶ ಆಗುತ್ತಿತ್ತು, ನಮಗೆ ಸಿಗುತ್ತಿರಲಿಲ್ಲ. 2004ರ ಹೇಲೋ 2 ಬಂದಮೇಲೆ ಕೈಗೆ ಸಿಕ್ಕಿತು. ಆಮೇಲೆ ಹೇಲೋ 3ರಲ್ಲಿ ಹಲವರು ಸೇರಿ ಆಡುವಾಗಲೂ ಕತ್ತಿಯ ಬ್ಯಾಟರಿ ಮುಗಿಯೋ ಹಾಗೆ ಮಾಡಿದರು. ಬೈದುಕೊಂಡೇ ಆಡಿದೆವು. ಆದರೆ ಬ್ಯಾಟರಿ ಮುಗಿಯುತ್ತೆ ಅಂತ ಗೊತ್ತಿದ್ದಾಗ ಒಂದೊಂದು ಏಟಿಗೂ ಯೋಚನೆ ಮಾಡುತ್ತಿದ್ದೆವು.

ಲೆಕ್ಕದಮೇಷ್ಟ್ರು

ಎಲ್ಲರಿಗೂ ಒಂದು ತರಲೆ ಪ್ರಶ್ನೆ. ಲೈಟ್‌ಸೇಬರ್ ಗಾಯವನ್ನು ಸುಟ್ಟು ಮುಚ್ಚುತ್ತದೆ, ರಕ್ತ ಬರಲ್ಲ ಅಂತೀರಿ. ಹಾಗಾದರೆ 1977ರ ಚಿತ್ರದ ಹೆಂಡದಂಗಡಿಯಲ್ಲಿ ಓಬಿ-ವಾನ್ ಕತ್ತರಿಸಿದ ತೋಳಿನ ಪಕ್ಕ ನೆಲದ ಮೇಲೆ ರಕ್ತ ಯಾಕಿದೆ?

ಹಳೇಕಾಮಿಕ್ಸ್

ಯಾಕೆಂದರೆ ಆ ದೃಶ್ಯ ಜಪಾನಿನ ನಿರ್ದೇಶಕ ಕುರೊಸಾವಾ ಅವರ 1961ರ ಯೊಜಿಂಬೊ ಚಿತ್ರದಿಂದ ಬಂದದ್ದು, ಅಲ್ಲಿಯೂ ಕತ್ತರಿಸಿದ ತೋಳು ನೆಲಕ್ಕೆ ಬೀಳುತ್ತದೆ. ಆಗಿನ್ನೂ ಲೈಟ್‌ಸೇಬರ್‌ಗೆ ನಿಯಮಗಳೇ ಗಟ್ಟಿಯಾಗಿರಲಿಲ್ಲ. 1980ರಲ್ಲಿ ಲೂಕ್‌ನ ಕೈ ಹೋದಾಗ ರಕ್ತ ಇಲ್ಲ. ಅಭಿಮಾನಿಗಳು ಆ ಅನ್ಯಗ್ರಹದವನ ಮೈಯ ರಚನೆಯೇ ಬೇರೆ ಅಂತ ಸಮಜಾಯಿಷಿ ಹುಡುಕುತ್ತಾರೆ. ನಾನು ಆ ಗುಂಪಿನವನಲ್ಲ.

ಪೀಣ್ಯದವನು

ರಕ್ತ ಬಿಡಿ. ಅಷ್ಟು ಬಿಸಿ ಇರೋ ಅಲಗನ್ನು ಆರಿಸಿದ ತಕ್ಷಣ ಸೊಂಟಕ್ಕೆ ಸಿಕ್ಕಿಸಿಕೊಳ್ತಾರಲ್ಲ, ಅದಕ್ಕೆ ಮೊದಲು ಉತ್ತರ ಕೊಡಿ. ನಮ್ಮ ನಾಝಲ್ ಮುಟ್ಟೋಕೆ ಒಂದು ಟೀ ಕುಡಿಯುವಷ್ಟು ಹೊತ್ತಾದರೂ ಕಾಯಬೇಕು.